ಓದು ಬರುವ ದೆವ್ವ

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಾಗಿಲುಗಳಿಗೆಲ್ಲ ಒಂದೇ ಮಾತು ಬರುತ್ತಿತ್ತು: ‘ನಾಳೆ ಬಾ’. ಕೆಲವರು ಸುಣ್ಣದಲ್ಲಿ ಬರೆದರು, ಕೆಲವರು ಇದ್ದಿಲಲ್ಲಿ, ಹುಡುಗರಾದ ನಾವು ಶಾಲೆಯಿಂದ ಜೇಬಿಗಿಳಿಸಿ ತಂದ ಸೀಮೆಸುಣ್ಣದಲ್ಲಿ. ರಾತ್ರಿ ದೆವ್ವವೊಂದು ಓಣಿ ಓಣಿ ಸುತ್ತುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ‘ಓ’ ಎಂದು ಬಾಗಿಲು ತೆರೆದವರ ಕಥೆ ಅಲ್ಲಿಗೇ ಮುಗಿಯಿತು ಎಂಬ ಸುದ್ದಿ. ಬಾಗಿಲ ಮೇಲಿನ ಬರಹ ಓದಿಕೊಂಡ ದೆವ್ವ ಹಾಗೇ ವಾಪಸು ಹೋಗುತ್ತದಂತೆ. ಮರುರಾತ್ರಿ ಬಂದರೂ ಅದೇ ಬರಹ. ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಉದ್ರಿ’ ಹಲಗೆಗೆ ಸ್ವಂತ ತಮ್ಮನೇ ಇದು.

ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕು. ಗಡಿ ದಾಟಿದರೆ ಅದೇ ದೆವ್ವಕ್ಕೆ ತೆಲುಗಿನಲ್ಲಿ ‘ಓ ಸ್ತ್ರೀ ರೇಪು ರಾ’ ಎಂದು ಬರೆದಿರುತ್ತಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಊರು ಹಂಚಿದರು, ಕಚೇರಿಯ ಕಡತ ಹಂಚಿದರು. ದೆವ್ವಗಳನ್ನು ಹಂಚಿದ ದಾಖಲೆ ಎಲ್ಲೂ ಇಲ್ಲ. ಹಾಗಾಗಿ ನಮ್ಮ ದೆವ್ವಕ್ಕೆ ಎರಡು ಲಿಪಿ ಬರಲೇಬೇಕಿತ್ತು. ನಮ್ಮಜ್ಜಿಗೆ ಒಂದೂ ಬರುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದು ನಿಂತ ನನ್ನನ್ನು ನೋಡಿ, “ನನಗೇ ಬಾರದ ಓದು ದೆವ್ವಕ್ಕೆ ಬರ್ತೈತೇನಲೇ?” ಎಂದಿದ್ದಳು. ಆದರೂ ಒರೆಸು ಎನ್ನಲಿಲ್ಲ.

ಆ ದೆವ್ವವನ್ನು ತಡೆದ ಆಯುಧ ಯಾವುದು ನೋಡಿ. ನಿಂಬೆಹಣ್ಣು, ತಾಯತ, ಬೇವಿನ ಸೊಪ್ಪು ಎಲ್ಲ ಇದ್ದ ಊರಲ್ಲಿ ಜನ ನೆಚ್ಚಿಕೊಂಡದ್ದು ಒಂದು ಕಾಲಸೂಚಕ ಪದವನ್ನು. ‘ನಾಳೆ’ ಎಂಬುದು ಎಂದೂ ಕೈಗೆ ಸಿಗುವುದಿಲ್ಲ ಎಂಬ ಗುಟ್ಟು ಮನುಷ್ಯರಿಗೆ ಗೊತ್ತು, ದೆವ್ವಕ್ಕೆ ಗೊತ್ತಿಲ್ಲ. ಅದು ಗೊತ್ತಾಗಲು ದಿನಗಳು ಉರುಳಬೇಕು. ದೆವ್ವಕ್ಕೆ ದಿನ ಉರುಳುವುದಿಲ್ಲ, ಸತ್ತ ಗಳಿಗೆಯಲ್ಲೇ ಅದರ ಗಡಿಯಾರ ನಿಂತಿದೆ. ಕನ್ನಡ ವ್ಯಾಕರಣ ಇದನ್ನು ಮೊದಲೇ ಹೇಳಿಬಿಟ್ಟಿದೆ. ಮೇಷ್ಟ್ರು ‘ಭೂತಕಾಲ’ ಎಂದು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಕ್ಕವರು ತಪ್ಪೇನೂ ಮಾಡಿರಲಿಲ್ಲ. ಭೂತ ಎಂದರೆ ಆಗಿಹೋದದ್ದು. ಆಗಿಹೋದದ್ದು ಹೋಗದೆ ಬಾಗಿಲಲ್ಲಿ ನಿಂತರೂ ಅದರ ಹೆಸರು ಭೂತವೇ.

ಮಕ್ಕಳ ಪುಸ್ತಕ ಮಾರುವವರು ದೆವ್ವದ ಕಥೆ, ಪರಲೋಕದ ಕಥೆ, ಕಾಲಯಾನದ ಕಥೆ ಎಂದು ಮೂರು ಸಾಲು ಮಾಡಿ ಜೋಡಿಸುತ್ತಾರೆ. ಒಂದನ್ನು ಭಯಾನಕ ಎನ್ನುತ್ತಾರೆ, ಇನ್ನೊಂದನ್ನು ಪುರಾಣ, ಮೂರನೆಯದನ್ನು ವಿಜ್ಞಾನ. ನನಗೇನೋ ಮೂರೂ ಒಂದೇ ಕಥೆಯ ಮೂರು ಬಾಗಿಲು. ಹೋದವರು ಇಲ್ಲಿಗೆ ಬಂದರೆ ದೆವ್ವ. ನಾವು ಅವರಿದ್ದಲ್ಲಿಗೆ ಹೋದರೆ ಪರಲೋಕ. ಅವರು ಹೋಗುವುದಕ್ಕೆ ಮುಂಚೆಯೇ ಹೋಗಿ ಮಾತಾಡಿಸಿದರೆ ಕಾಲಯಾನ. ಅಜ್ಜನನ್ನು ಮಣ್ಣು ಮಾಡಿ ಬಂದ ಸಂಜೆ ಮಗು ಕೇಳುವ ಪ್ರಶ್ನೆಗಳನ್ನು ನೆನೆಸಿಕೊಳ್ಳಿ. ಮೂರೂ ಅದರಲ್ಲಿ ಇರುತ್ತವೆ.

ಚಾರ್ಲ್ಸ್ ಡಿಕನ್ಸ್ ಇದನ್ನು ಬಲ್ಲವನಾಗಿದ್ದ. 1843ರ ಡಿಸೆಂಬರಿನಲ್ಲಿ ಬಂದ ಅವನ ‘ಎ ಕ್ರಿಸ್‌ಮಸ್ ಕ್ಯಾರಲ್’ನಲ್ಲಿ ಜಿಪುಣ ಸ್ಕ್ರೂಜನನ್ನು ಮೂರು ಭೂತಗಳು ಕರೆದೊಯ್ಯುವುದು ಹಿಂದಕ್ಕೆ, ಇಂದಿಗೆ, ಮುಂದಕ್ಕೆ. ಎಚ್.ಜಿ. ವೆಲ್ಸ್ 1895ರಲ್ಲಿ ಕಾಲಯಂತ್ರದ ಕಥೆ ಬರೆಯುವ ತನಕ ಆ ಕೆಲಸವನ್ನು ದೆವ್ವಗಳೇ ನೋಡಿಕೊಳ್ಳುತ್ತಿದ್ದವು ಎನ್ನಿ. ನಮ್ಮ ಪುರಾಣದಲ್ಲೂ ಕಾಲಯಾನ ಉಂಟು. ಮಗಳು ರೇವತಿಗೆ ಗಂಡು ಯಾರೆಂದು ಕೇಳಲು ಕಕುದ್ಮಿ ರಾಜ ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಹಾಡು ನಡೆದಿರುತ್ತದೆ, ಮುಗಿಯಲಿ ಎಂದು ಒಂದು ಕ್ಷಣ ನಿಲ್ಲುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳೆಲ್ಲ ಮೊಮ್ಮಕ್ಕಳ ಸಮೇತ ಮಣ್ಣಾಗಿರುತ್ತಾರೆ. ಕೊನೆಗೆ ಬಲರಾಮ ಸಿಗುತ್ತಾನೆ. ಹಳೆಯ ಯುಗದ ಹುಡುಗಿ ವಿಪರೀತ ಎತ್ತರ, ನೇಗಿಲಿನಿಂದ ಮೆಲ್ಲಗೆ ತಟ್ಟಿ ತನ್ನ ಅಳತೆಗೆ ಇಳಿಸಿಕೊಳ್ಳುತ್ತಾನೆ. ಮಕ್ಕಳಿಗೆ ಈ ಕಥೆ ಹೇಳಿ ನೋಡಿ, ಬ್ರಹ್ಮನನ್ನು ಮರೆತರೂ ನೇಗಿಲನ್ನು ಮರೆಯುವುದಿಲ್ಲ. ನಾನು ಕೇಳಿ ಬೆಳೆದ ಇಂಥ ಕಥೆಗಳಲ್ಲಿ ಪಯಣ ಮುಂದಕ್ಕೆ ಮಾತ್ರ. ಹಿಂದಕ್ಕೆ ಹೋಗಿ ಆದದ್ದನ್ನು ತಿದ್ದಿ ಬಂದವರು ನನಗೆ ಎದುರಾಗಲಿಲ್ಲ. ಹಿಂದಿನಿಂದ ಬರುವ ದಾರಿ ದೆವ್ವಗಳಿಗಷ್ಟೇ ತೆರೆದಿತ್ತು.

ಅವುಗಳಲ್ಲಿ ಹೆಚ್ಚು ಓದಿಕೊಂಡದ್ದು ಬೇತಾಳ. ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಬಳ್ಳಾರಿಯ ಮನೆಗಳಲ್ಲಿ ಇದರಿಂದ ಒಂದು ಅನುಕೂಲವಾಯಿತು: ಕನ್ನಡದ್ದು ಓದಿ ಮುಗಿದರೆ ಪಕ್ಕದ ಮನೆಯ ತೆಲುಗಿನದು. ಕಲಾವಿದ ಶಂಕರ್ ಬರೆದ ಆ ಚಿತ್ರ, ರಾಜನ ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ, ಎರಡು ಭಾಷೆಯಲ್ಲೂ ಒಂದೇ. ಮೂಲದ ಬೇತಾಳ ಇಪ್ಪತ್ತೈದು ಕಥೆಗೆ ಸುಸ್ತಾಗಿದ್ದ. ಚಂದಮಾಮದ ಬೇತಾಳ ದಶಕಗಟ್ಟಲೆ ತಿಂಗಳು ತಪ್ಪದೆ ಹೊಸ ಕಥೆ ಹೇಳಿದ. ಹೆಣದೊಳಗೆ ಕೂತ ದೆವ್ವವೊಂದು ನ್ಯಾಯದ ಪ್ರಶ್ನೆ ಕೇಳುತ್ತದೆ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು, ಹೇಳಿದರೆ ಮೌನ ಮುರಿದು ದೆವ್ವ ಮತ್ತೆ ಮರಕ್ಕೆ. ಏಳು ವರ್ಷದ ಹುಡುಗನಿಗೂ ಈ ಕರಾರು ತಿಳಿಯುತ್ತಿತ್ತು. ಒಳ್ಳೆಯ ಮಕ್ಕಳ ಕಥೆಯ ದೆವ್ವಕ್ಕೆ ಕಾನೂನು ಇರುತ್ತದೆ, ಅದನ್ನು ಅದು ಮುರಿಯುವುದಿಲ್ಲ. ಅದಕ್ಕೇ ಪುಸ್ತಕ ಮುಚ್ಚಿ ನಿದ್ದೆ ಹೋಗಲು ಸಾಧ್ಯ.

ಇಲ್ಲೇ ಒಂದು ಆಕ್ಷೇಪಕ್ಕೂ ಉತ್ತರ ಹೇಳಿಬಿಡುತ್ತೇನೆ. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ಕಾಯ್ದೆ ತಂದ ರಾಜ್ಯ ನಮ್ಮದು. ಇಲ್ಲಿ ಮಕ್ಕಳ ಕೈಗೆ ದೆವ್ವದ ಕಥೆ ಕೊಡಬೇಕೇ ಎಂದು ಶಿಕ್ಷಕರು ಕೇಳುತ್ತಾರೆ. ಕಾಯ್ದೆ ಬೇಕು, ಸಂಶಯವಿಲ್ಲ. ಆದರೆ ದೆವ್ವ ಬಿಡಿಸುತ್ತೇನೆಂದು ಬೆತ್ತ ಹಿಡಿಯುವವನು ಚಂದಮಾಮ ಓದಿ ಕೆಟ್ಟವನಲ್ಲ. ‘ಗಾಳಿ ಸೋಕೈತೆ’ ಎಂದು ದೊಡ್ಡವರು ಪಿಸುಗುಟ್ಟುವ ದೆವ್ವಕ್ಕೆ ಮುಖವಿಲ್ಲ, ಕರಾರಿಲ್ಲ, ಕೊನೆಯ ಪುಟವಿಲ್ಲ. ಪುಸ್ತಕದ ದೆವ್ವಕ್ಕೆ ಮೂರೂ ಇವೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಹೆದರಿಸುವವನಿಗೇ ಲಾಭ.

ಈಗ ಊರಿಗೆ ಬರೋಣ. ನನಗೆ ಹೇಳಬೇಕಿರುವುದು ಇರುವುದೇ ಇಲ್ಲಿ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ತೆಕ್ಕಲಕೋಟೆ ಸಿಗುತ್ತದೆ. ಸುತ್ತ ಭತ್ತದ ಗದ್ದೆ, ನಡುವೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳ ಗುಡ್ಡ. 1963–64ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪರವಾಗಿ ಎಂ.ಎಸ್. ನಾಗರಾಜರಾವ್ ಇಲ್ಲಿ ಅಗೆದರು. ಮುಂದೆ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾದರು. ಸುಮಾರು 3,500 ವರ್ಷಕ್ಕೂ ಹಿಂದೆ ಈ ಬಂಡೆಗಳ ನಡುವೆ ದುಂಡನೆಯ ಗುಡಿಸಲು ಹಾಕಿಕೊಂಡು ದನ ಸಾಕಿದ ಜನ ಇದ್ದರು. ಅವರ ಕಲ್ಲಿನ ಕೊಡಲಿಗಳು ಸಿಕ್ಕವು, ಪುಟ್ಟ ಬಂಗಾರದ ಒಡವೆಯೂ ಸಿಕ್ಕಿತು. ಜೊತೆಗೆ ಗಡಿಗೆಗಳು. ಸತ್ತ ಎಳೆಗೂಸುಗಳನ್ನು ಅವರು ಗಡಿಗೆಯಲ್ಲಿಟ್ಟು, ದೂರದ ಮಸಣಕ್ಕೆ ಒಯ್ಯದೆ, ತಾವು ವಾಸವಿದ್ದ ಜಾಗದಲ್ಲೇ ಹೂಳುತ್ತಿದ್ದರು. ನಂತರದ ಕಾಲದ ದೊಡ್ಡವರಿಗೆ ಹಲವು ಗಡಿಗೆಗಳನ್ನು ಬಾಯಿಗೆ ಬಾಯಿ ಹೊಂದಿಸಿ ಮಲಗಿಸಿದ ಗೋರಿ. ಕೂಸಿಗೆ ಒಂದೇ ಗಡಿಗೆ ಸಾಕಾಗುತ್ತಿತ್ತು.

ಪುರಾತತ್ವದ ವರದಿ ಇದನ್ನು ‘ಕುಂಭ ಸಮಾಧಿ’ ಎಂದು ಬರೆದು ಮುಂದಿನ ಪುಟಕ್ಕೆ ಹೋಗುತ್ತದೆ. ಕಥೆ ಬರೆಯುವವನಿಗೆ ಆ ಪುಟ ದಾಟುವುದು ಕಷ್ಟ. ಗಡಿಗೆಯ ದುಂಡು ಹೊಟ್ಟೆ ನೋಡಿದವರಿಗೆ ಅದು ಇನ್ನೊಂದು ಬಸಿರಿನಂತೆ ಕಾಣದಿರದು. ತಾಯಿ ದಿನವೂ ಕಸ ಗುಡಿಸುವ, ರೊಟ್ಟಿಗೆ ಒಲೆ ಹಚ್ಚುವ ನೆಲದ ಆಸುಪಾಸಿನಲ್ಲೇ ಕೂಸು ಮಲಗಿದೆ. ದೂರ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲವೋ, ವಾಪಸು ಬರುತ್ತದೆ ಎಂದುಕೊಂಡಳೋ. ಹೀಗೆ ಎರಡು ‘ಓ’ ಹಾಕಿ ನಿಲ್ಲಿಸಬೇಕಾಗುತ್ತದೆ, ಅವರಿಗೆ ಲಿಪಿ ಇರಲಿಲ್ಲ. ಇಂದಿಗೂ ನಮ್ಮಲ್ಲಿ ಹೆಣ ಸುಡುವ ಎಷ್ಟೋ ಮನೆತನಗಳು ಎಳೆಗೂಸನ್ನು ಮಾತ್ರ ಸುಡುವುದಿಲ್ಲ, ಹೂಳುತ್ತವೆ. ಕಾರಣ ಕೇಳಿದರೆ ಶಾಸ್ತ್ರ ಎನ್ನುತ್ತಾರೆ. ಆ ಶಾಸ್ತ್ರದ ಬೇರು ಎಷ್ಟು ಆಳಕ್ಕಿದೆಯೋ.

ಡಿಕನ್ಸನ ದೆವ್ವಗಳು ಲಂಡನ್ನಿನಲ್ಲಿ ಅಚ್ಚಾದ ಅದೇ 1843ರಲ್ಲಿ, ಮದ್ರಾಸ್ ಸೇನೆಯ ಅಧಿಕಾರಿ ನ್ಯೂಬೋಲ್ಡ್ ಬಳ್ಳಾರಿ ಸುತ್ತಲಿನ ಬೂದಿದಿಬ್ಬಗಳ ಬಗ್ಗೆ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಹೊಸಪೇಟೆ ದಾರಿಯ ಕುಡುತಿನಿಯಲ್ಲಿ ಇಂಥ ದಿಬ್ಬ ಈಗಲೂ ಇದೆ. ಊರವರ ಪ್ರಕಾರ ಅದು ರಕ್ಕಸರನ್ನು ಸುಟ್ಟ ಬೂದಿ. ಹಂಪಿ ಪಕ್ಕದ ನಿಂಬಾಪುರದಲ್ಲಾದರೆ ವಾಲಿಯ ಚಿತೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅದನ್ನು ಸಗಣಿಯ ಬೂದಿಯೆಂದು ಗುರುತಿಸಿದ. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಅದು ಖಚಿತವಾಯಿತು: ಶಿಲಾಯುಗದ ದನದ ದೊಡ್ಡಿಗಳು, ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಬಿದ್ದು ಕಲ್ಲಾದದ್ದು. ಪದರದ ನಡುವೆ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು. ರಕ್ಕಸರ ಕಥೆ ಸುಳ್ಳಾಯಿತಲ್ಲ ಎಂದು ಮಕ್ಕಳು ಬೇಸರ ಮಾಡಿಕೊಳ್ಳಬಹುದು ಅಂದುಕೊಂಡಿದ್ದೆ. ನಾಲ್ಕು ಸಾವಿರ ವರ್ಷ ಹಿಂದಿನ ಒಂದು ಸಂಜೆ ನಡೆದುಹೋದ ಕರುವಿನ ಹೆಜ್ಜೆ ಎಂದರೆ ರಕ್ಕಸನಿಗಿಂತ ಕಡಿಮೆಯೇನಲ್ಲ ಎಂದು ಈಗ ಅನಿಸುತ್ತದೆ.

ಬಳ್ಳಾರಿ ನಗರಕ್ಕೆ ಅಂಟಿಕೊಂಡಂತಿರುವ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದಲ್ಲಿ ದೆವ್ವಕ್ಕೆ ದನಿಯೂ ಇದೆ. ಅಲ್ಲಿನ ಕರಿಬಂಡೆಗಳ ಮೇಲೆ ಗೂಳಿಗಳು, ಮನುಷ್ಯರು, ಕುಟ್ಟಿ ಮೂಡಿಸಿದ ಚಿತ್ರಗಳು. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಕುಳಿಗಳು. ಅಲ್ಲಿಗೆ ಇನ್ನೊಂದು ಕಲ್ಲಿನಿಂದ ಬಡಿದರೆ ಗುಡಿಯ ಜಾಗಟೆಯಂತೆ ನಾದ. ಕೇಂಬ್ರಿಜ್‌ನಲ್ಲಿದ್ದ ನಿಕೋಲ್ ಬೊಯ್ವಿನ್ 2004ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಗಿನ ಹೆಚ್ಚು ಜನರಿಗೆ ಗೊತ್ತಾಯಿತು. ದನ ಕಾಯುವವರಿಗೆ ಮೊದಲೇ ಗೊತ್ತಿತ್ತು. ಕಾಲಯಂತ್ರಕ್ಕೆ ಇದಕ್ಕಿಂತ ಅಗ್ಗದ ಉಪಕರಣ ಬೇಕೇ? ಶಿಲಾಯುಗದ ಕೈ ಬಡಿದಾಗ ಬಂದ ಸ್ವರವೇ ಇವತ್ತು ನೀವು ಬಡಿದರೂ ಬರುತ್ತದೆ. (ದಯವಿಟ್ಟು ಹೋಗಿ ಬಡಿಯಬೇಡಿ. ಕಲ್ಲು ಕ್ವಾರಿಯವರಿಂದಲೇ ಆ ಗುಡ್ಡ ಸಾಕಷ್ಟು ಪೆಟ್ಟು ತಿಂದಿದೆ.) ಬಳ್ಳಾರಿಯಲ್ಲಿ ಫೂಟ್ ಹೆಸರಿನ ಪುರಾತತ್ವ ಸಂಗ್ರಹಾಲಯವೇ ಇದೆ, ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಕೊಡಲಿ, ಗಡಿಗೆ ಕಣ್ಣಾರೆ ನೋಡುತ್ತಾರೆ.

ಕುರುಗೋಡಿನ ದಾರಿ ಬೇರೆ. ಅಲ್ಲಿ ಲಿಪಿ ಬಂದಾಗಿದೆ. ಸಿಂದ ಅರಸರು ಆಳಿದ ಊರು, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಸಾಲು, ಏಕಶಿಲೆಯ ದೊಡ್ಡಬಸವೇಶ್ವರ. ನಮ್ಮ ಸೀಮೆಯ ಊರ ಮುಂದಿನ ವೀರಗಲ್ಲುಗಳನ್ನು ಮಕ್ಕಳಿಗೆ ಓದಲು ಕಲಿಸಬೇಕು, ಕೆಳಗಿನಿಂದ ಮೇಲಕ್ಕೆ. ಕೆಳಗಿನ ಚೌಕದಲ್ಲಿ ವೀರ ಕಾದಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ತೋಳು ಹಿಡಿದು ಮೇಲೆತ್ತುತ್ತಾರೆ, ಮೇಲಿನದರಲ್ಲಿ ಲಿಂಗದ ಮುಂದೆ ಕೂತಿರುತ್ತಾನೆ. ಪರಲೋಕದ ಚಿತ್ರಕಥೆ, ಮೂರೇ ಚೌಕದಲ್ಲಿ. ಇನ್ನು ದಾನಶಾಸನಗಳ ಕೊನೆಯಲ್ಲಿ ಬರುವ ಶಾಪವಂತೂ ಹುಡುಗರಿಗೆಂದೇ ಬರೆದಂತಿದೆ: ಈ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಅವಧಿಯನ್ನು ಇಷ್ಟು ನಿಖರವಾಗಿ ಲೆಕ್ಕ ಹಾಕಿದ ಶಾನುಭೋಗನನ್ನು ನೆನೆದರೆ ನಗು ಬರುತ್ತದೆ. ಭೂಮಿ ಒತ್ತುವರಿ ಮಾಡಿದವರ ಪಟ್ಟಿ ಈಗ ತೆಗೆದರೆ ಆ ಜಾಗದಲ್ಲಿ ಇಕ್ಕಟ್ಟಾದೀತು.

ಎಲ್ಲ ಹಿಂದಿರುಗುವಿಕೆಯನ್ನೂ ದೆವ್ವ ಎನ್ನಲಾಗದು ಎಂಬುದಕ್ಕೂ ನಮ್ಮ ಹಳೇ ಜಿಲ್ಲೆಯಲ್ಲೇ ಕಥೆಯಿದೆ. ಮಂತ್ರಾಲಯ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯ ಆದೋನಿ ತಾಲ್ಲೂಕಿನಲ್ಲಿತ್ತು. ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶಿಸಿದ್ದು 1671ರಲ್ಲಿ. ಕಂಪನಿ ಸರ್ಕಾರದ ಕಲೆಕ್ಟರ್ ಥಾಮಸ್ ಮನ್ರೋ ಈ ಸೀಮೆಗೆ ಬಂದದ್ದು 1800ರಲ್ಲಿ. ಮಠದ ಭೂಮಿಯ ವಿಚಾರಣೆಗೆ ಹೋದ ಅವನು ಟೋಪಿ, ಬೂಟು ಕಳಚಿ ಒಳಗೆ ಹೋಗಿ, ಬೇರೆ ಯಾರಿಗೂ ಕಾಣದ ಒಬ್ಬರೊಡನೆ ಬಹಳ ಹೊತ್ತು ಮಾತಾಡಿ, ಭೂಮಿ ಮಠಕ್ಕೇ ಇರಲಿ ಎಂದನಂತೆ. ಸುಮಾರು 130 ವರ್ಷದ ಅಂತರದ ಇಬ್ಬರು ಕಂದಾಯದ ವಿಷಯ ಮಾತಾಡಿದ ಈ ಪ್ರಸಂಗವನ್ನು ಭಕ್ತರು ಪವಾಡ ಎನ್ನುತ್ತಾರೆ, ಹಾಗೇ ಎನ್ನಬೇಕು. ಹೆಸರು ಬದಲಾದರೆ ಭಯ ಹೋಗಿ ಕೈ ಮುಗಿಯುತ್ತದೆ, ಅಷ್ಟನ್ನು ಗಮನಿಸಿದರಾಯಿತು.

ಹಾಡಿನವರೂ ಸಾವು ದಾಟುವ ವಿದ್ಯೆ ಬಲ್ಲವರು. ದರೋಜಿಯ ಬುರ್ರಕಥಾ ಈರಮ್ಮ 2014ರಲ್ಲಿ ತೀರಿಕೊಂಡಾಗ ರಾತ್ರಿಗಟ್ಟಲೆ ಹಾಡುವ ಕಾವ್ಯಗಳ ಭಂಡಾರವೇ ಜೊತೆಗೆ ಹೋಯಿತು; ಒಂದಷ್ಟನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬರೆದುಕೊಂಡು ಅಚ್ಚು ಹಾಕಿಸಿದ್ದು ನಮ್ಮ ಪುಣ್ಯ. ಬುರ್ರಕಥೆಯವರು ಹಾಡುವ ಬಾಲನಾಗಮ್ಮನ ಕಥೆಯಲ್ಲಿ ಮಾಯಾವಿ ಫಕೀರನ ಪ್ರಾಣ ಅವನ ಮೈಯಲ್ಲಿ ಇರುವುದಿಲ್ಲ, ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಹ್ಯಾರಿ ಪಾಟರ್ ಓದುವ ಹುಡುಗಿಗೆ ಇದನ್ನು ಹೇಳಿದರೆ ‘ಹಾರ್‌ಕ್ರಕ್ಸ್!’ ಎಂದು ಕೂಗುತ್ತಾಳೆ. ಕೂಗಲಿ. ನಮ್ಮ ಗಿಳಿ ಹಿರಿಯದು ಎಂದು ಜಗಳಕ್ಕೆ ನಿಲ್ಲುವುದು ಬೇಡ. ತೊಗಲುಬೊಂಬೆಯವರದು ಇನ್ನೂ ನಯವಾದ ನಂಬಿಕೆ: ಹರಿದು ಸವೆದ ಬೊಂಬೆಯನ್ನು ತಿಪ್ಪೆಗೆ ಎಸೆಯುವುದಿಲ್ಲ, ಸತ್ತವರಿಗೆ ಮಾಡುವಂತೆ ಮಾಡಿ ಹೊಳೆಗೆ ಬಿಡುತ್ತಾರೆ. ತೆರೆಯ ಹಿಂದಿನ ನೆರಳಿಗೂ ಒಂದು ಪರಲೋಕ.

ಸಿನಿಮಾ ಬಿಟ್ಟು ಬಳ್ಳಾರಿಯ ಮಾತು ಮುಗಿಯುವುದುಂಟೇ? 1991ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಅವರ ತೆಲುಗು ಚಿತ್ರ ‘ಆದಿತ್ಯ 369’ ಬಂತು. ಕಾಲಯಂತ್ರ ಹತ್ತಿದ ಬಾಲಕೃಷ್ಣ ಮೊದಲು ಹೋಗಿ ಇಳಿಯುವುದು 1526ರ ಕೃಷ್ಣದೇವರಾಯನ ಆಸ್ಥಾನಕ್ಕೆ, ಅಂದರೆ ಆಗಿನ ಲೆಕ್ಕದಲ್ಲಿ ಬಳ್ಳಾರಿ ಜಿಲ್ಲೆಗೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಆ ಯಂತ್ರದ ವಿಳಾಸವೂ ಬದಲಾಗಿದೆ. ಆದರೆ ರಾಯನ ಸಭೆಯ ಕಾಲಯಾನ ಬರೀ ವೈಭವದ ಪ್ರವಾಸ. ವಜ್ರ, ಕವಿಗಳು, ನರ್ತಕಿಯರು. ಕಾಲದಲ್ಲಿ ಹಿಂದೆ ಹೋಗುವ ಕಥೆಗಳಿಗೆ ಇದೊಂದು ರೋಗ: ಎಲ್ಲರೂ ಅರಮನೆಗೇ ಹೋಗುತ್ತಾರೆ. ಗುಡಿಸಲಿಗೆ ಯಾರೂ ಟಿಕೆಟ್ ತೆಗೆಸುವುದಿಲ್ಲ.

ನಾ. ಡಿಸೋಜ ಅಂಥ ಟಿಕೆಟ್ ತೆಗೆಸಿದವರು. ಶರಾವತಿಯ ಮುಳುಗಡೆಯನ್ನು ಬದುಕಿಡೀ ಬರೆದ ಅವರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದೂ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೇ. ನಮ್ಮಲ್ಲೂ ಆ ಊರುಗಳಿವೆ. ತುಂಗಭದ್ರಾ ಜಲಾಶಯದ ಕೆಳಗೆ ಹೋದ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಬದುಕು ಕಟ್ಟಿದರು. ಸಿರುಗುಪ್ಪದ ಭತ್ತಕ್ಕೆ ಕಾಲುವೆಯಲ್ಲಿ ಬರುವ ನೀರು ಮುಳುಗಿದ ಬೀದಿಗಳ ಮೇಲೆ ನಿಂತು ಬಂದ ನೀರು. ಸೋನಾಮಸೂರಿ ಅನ್ನದ ಹಿಂದೆ ಇಂಥದೊಂದು ದೆವ್ವದ ಕಥೆಯಿದೆ ಎಂದು ಊಟಕ್ಕೆ ಕೂತ ಮಕ್ಕಳಿಗೆ ಯಾರೂ ಹೇಳಿಲ್ಲ. 2025ರಲ್ಲಿ ಅದೇ ಪುರಸ್ಕಾರ ಕೆ. ಶಿವಲಿಂಗಪ್ಪ ಹಂದಿಹಾಳ ಅವರ ‘ನೋಟ್‌ಬುಕ್’ ಕಥೆಗಳಿಗೆ ಬಂದು ಈ ಸೀಮೆಗೆ ಹಿಗ್ಗು ತಂದಿತು. ಆ ನೋಟ್‌ಬುಕ್ಕಿನಾಚೆಗೂ ಹಾಳೆಗಳು ಖಾಲಿ ಇವೆ.

ಸಾವಿನ ಬಗ್ಗೆ ಮಕ್ಕಳಿಗೆ ಹೇಳಬಾರದು ಎಂಬ ನಾಚಿಕೆ ತೀರ ಇತ್ತೀಚಿನದು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ 1973ರಲ್ಲಿ ಇಬ್ಬರು ಅಣ್ಣತಮ್ಮಂದಿರನ್ನು ಮೊದಲ ಅಧ್ಯಾಯಗಳಲ್ಲೇ ಸಾಯಿಸಿ ಇನ್ನೊಂದು ಲೋಕಕ್ಕೆ ಕಳಿಸಿದಾಗ ದೊಡ್ಡವರು ಗಲಾಟೆ ಮಾಡಿದರು, ಮಕ್ಕಳು ಓದಿದರು. ನಮ್ಮ ನಚಿಕೇತನಂತೂ ಅಪ್ಪ ಸಿಟ್ಟಿನಲ್ಲಿ ಆಡಿದ ಮಾತು ಹಿಡಿದು ಯಮನ ಮನೆಗೆ ಹೋದ ಹುಡುಗ. ಯಮ ಊರಲ್ಲಿ ಇರಲಿಲ್ಲ. ಮೂರು ರಾತ್ರಿ ಉಪವಾಸ ಬಾಗಿಲಲ್ಲಿ ಕಾದ. ಸತ್ತ ಮೇಲೆ ಏನಾಗುತ್ತದೆ ಎಂದು ಕೇಳಿದರೆ ಯಮ ಮಾತು ಹಾರಿಸುತ್ತಾನೆ: ಆನೆ ತಗೋ, ಕುದುರೆ ತಗೋ, ಬೇಕಾದಷ್ಟು ವರ್ಷ ಆಯಸ್ಸು ತಗೋ, ಇದೊಂದು ಕೇಳಬೇಡ. ಪೆಪ್ಪರಮಿಂಟು ಕೊಟ್ಟು ಬಾಯಿ ಮುಚ್ಚಿಸುವ ಮಾವನ ಹಾಗೆ. ಹುಡುಗ ಬಗ್ಗಲಿಲ್ಲ. ಬಾಗಿಲಲ್ಲಿ ಕಾಯುವವರು ದೆವ್ವಗಳಷ್ಟೇ ಎಂದುಕೊಂಡಿದ್ದೆವು, ಇಲ್ಲಿ ಮಗುವೇ ಸಾವಿನ ಬಾಗಿಲಲ್ಲಿ ಕಾದಿದೆ, ‘ನಾಳೆ ಬಾ’ ಎಂದರೂ ಕದಲದೆ.

ನನಗೆ ಬರೆಯಲು ಬಂದರೆ ಹೀಗೊಂದು ಕಥೆ ಬರೆಯುತ್ತಿದ್ದೆ. ಸಿರುಗುಪ್ಪದ ಹುಡುಗಿಯೊಬ್ಬಳು ಶಾಲೆಯ ಪ್ರವಾಸದಲ್ಲಿ ಕಪ್ಪಗಲ್ಲಿನ ಗುಡ್ಡಕ್ಕೆ ಬಂದು, ಮೇಷ್ಟ್ರು ಬೇಡವೆಂದರೂ ಬಂಡೆಗೆ ಒಂದು ಏಟು ಹಾಕುತ್ತಾಳೆ. ನಾದ ನಿಲ್ಲುತ್ತದೆ. ಆಮೇಲೆ ಬೇರೆ ಯಾರೋ ಬಡಿದಂತೆ ಅದೇ ನಾದ, ದೂರದಿಂದ. ಆ ರಾತ್ರಿ ಮನೆಯ ಬಾಗಿಲು ತಟ್ಟಿದ ಸದ್ದು. ಅಜ್ಜಿ ಗೊರಕೆಯಲ್ಲಿದ್ದಾಳೆ. ಹುಡುಗಿ ಕಿಟಕಿಯಿಂದ ನೋಡಿದರೆ ಹೊರಗೆ ನಿಂತಿರುವುದು ತೆಕ್ಕಲಕೋಟೆಯ ಗಡಿಗೆಯ ಕೂಸು. ಗಡಿಗೆಯೊಳಗೇ ಒಂದಿಷ್ಟು ಬೆಳೆದು ನಡೆಯುವಷ್ಟಾಗಿದೆ, ಮೈಯೆಲ್ಲ ಬೂದಿಬಣ್ಣದ ಮಣ್ಣು. ಹೆಸರು ಹಿಡಿದು ಕೂಗುವುದಿಲ್ಲ. ಅದಕ್ಕೆ ಇವಳ ಹೆಸರು ಗೊತ್ತಿಲ್ಲ, ತನಗೂ ಹೆಸರಿಡುವ ಮುಂಚೆ ಹೋದದ್ದು. ಹುಡುಗಿ ಸರಸರ ಸೀಮೆಸುಣ್ಣ ಹುಡುಕಿ, ಕಿಟಕಿಯಿಂದ ಕೈ ಚಾಚಿ ಬಾಗಿಲ ಮೇಲೆ ದೊಡ್ಡದಾಗಿ ಬರೆಯುತ್ತಾಳೆ, ಕನ್ನಡದಲ್ಲಿ ಒಮ್ಮೆ, ಇರಲಿ ಎಂದು ತೆಲುಗಿನಲ್ಲಿ ಒಮ್ಮೆ. ಕೂಸು ಹತ್ತಿರ ಬಂದು ಆ ಬಿಳಿ ಗೆರೆಗಳನ್ನು ನೋಡುತ್ತದೆ. ಬೆರಳಿನಿಂದ ಮುಟ್ಟುತ್ತದೆ. ಗೂಳಿಯ ಚಿತ್ರವೇನೋ ಎಂದು ತಲೆ ಓರೆ ಮಾಡುತ್ತದೆ. ಆಮೇಲೆ ಬಾಗಿಲು ತಳ್ಳುತ್ತದೆ.